ಗೇರು ಬಿತ್ತೇನು ಮಾಸ್ತರ?

ಓದುಗರೆಲ್ಲರಿಗೂ ನಮಸ್ಕಾರ. ನಾನು ಶಾಲೆಯನ್ನು ಅರ್ಧಕ್ಕೆ ಬಿಟ್ಟವನು. ಮದುವೆಯಾಗಿ, ಮಗಳು ಅಂಗನವಾಡಿಗೆ ಹೋಗಲು ಶುರು ಮಾಡಿದ ಮೇಲೆ ಹತ್ತನೇ ತರಗತಿ ಪರೀಕ್ಷೆ ಕಟ್ಟಿ ಪಾಸಾದೆ. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ಎಲ್ಲಿ ಒತ್ತಕ್ಷರ ಜಾರಿದೆಯೋ, ಎಲ್ಲಿ ದೀರ್ಘ ಬಿಟ್ಟುಹೋಗಿದೆಯೋ ನನಗೆ ಬೇಗ ಗೊತ್ತಾಗುವುದಿಲ್ಲ. ತಪ್ಪು ಕಂಡರೆ ಬೇಸರ ಮಾಡಿಕೊಳ್ಳದೆ ಸರಿಮಾಡಿಕೊಂಡು ಓದಿ.

ದೇವದುರ್ಗದಲ್ಲಿ ನನ್ನದು ನೀರಿನ ಮೋಟಾರು ರಿಪೇರಿ ಅಂಗಡಿ. ನನ್ನ ಗೆಳೆಯನದು ಮಾನ್ವಿಯಲ್ಲಿ ತಾಡಪತ್ರಿ ಮತ್ತು ಹಗ್ಗದ ವ್ಯಾಪಾರ. ಮನೆಯಲ್ಲಿ ಅವನು ದಖ್ಖನಿ ಉರ್ದು ಮಾತಾಡುತ್ತಾನೆ, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ನಾನು ಅವನಿಗೆ ಭಾಯ್ ಅನ್ನುತ್ತೇನೆ. ನಾನು ತಡವಾಗಿ ಹತ್ತನೇ ಪಾಸಾದ ದಿನದಿಂದ ಅವನು ನನಗೆ ಮಾಸ್ತರ ಅನ್ನುತ್ತಾನೆ. ಅದು ಮರ್ಯಾದೆಯಲ್ಲ, ಚೇಷ್ಟೆ.

ನಮ್ಮಿಬ್ಬರಿಗೂ ಬೈಕಿನ ಹುಚ್ಚು. ಬೇಸಿಗೆಯಲ್ಲಿ ಮೋಟಾರುಗಳು ಸುಡುತ್ತವೆ, ಆಗ ನನಗೆ ಪುರುಸೊತ್ತಿಲ್ಲ. ಮಳೆ ಹಿಡಿಯುವ ಮುಂಚೆ ಮತ್ತು ಸುಗ್ಗಿಯಲ್ಲಿ ತಾಡಪತ್ರಿ ಬಿಕರಿಯಾಗುತ್ತವೆ, ಆಗ ಅವನಿಗಿಲ್ಲ. ಇಬ್ಬರಿಗೂ ಕೈ ಖಾಲಿಯಾಗುವುದು ಮಳೆಗಾಲ ಮುಗಿಯುತ್ತಾ ಬಂದಾಗ. ನಾನು ಈ ಕಡೆಯಿಂದ, ಅವನು ಆ ಕಡೆಯಿಂದ, ದಾರಿ ಸುತ್ತಾದರೂ ರಾಯಚೂರಿಗೆ ಬಂದು, ಸ್ಟೇಷನ್ ಹತ್ತಿರ ಮಂಡಾಳ ಒಗ್ಗರಣಿ, ಮಿರ್ಚಿ ತಿಂದು ಹೊರಡುತ್ತಿದ್ದೆವು. ಒಂದು ವರ್ಷ ಶ್ರೀಶೈಲ, ಒಂದು ವರ್ಷ ವಿಜಯಪುರ, ಇನ್ನೊಂದು ವರ್ಷ ಹಂಪಿ. ದೇವರು, ಗುಮ್ಮಟ, ಕಲ್ಲು ಎಲ್ಲ ನೋಡಿದೆವು. ಆದರೆ ನನಗೆ ನೆನಪಿರುವುದು ರಸ್ತೆಯೇ. ಬೆಳಗಿನ ಗಾಳಿ ಅಂಗಿಯೊಳಗೆ ಹೊಕ್ಕು ಬೆನ್ನ ಮೇಲೆ ಉಬ್ಬುವುದು. ಎರಡೂ ಕಡೆ ಭತ್ತದ ಹಸಿರು. ದಿನವಿಡೀ ಕೆಟ್ಟ ಮೋಟಾರಿನ ಸದ್ದು ಕೇಳಿ ಬದುಕುವ ನನಗೆ ಚೆನ್ನಾಗಿ ಓಡುವ ಇಂಜಿನ್ನಿನ ಸದ್ದೇ ಒಂದು ವಿಶ್ರಾಂತಿ. ಅವನು ಯಾವಾಗಲೂ ಮುಂದೆ, ನಾನು ಹಿಂದೆ. ತಗ್ಗು ಬಂದರೆ ಅವನ ಗಾಡಿ ವಾಲುವುದನ್ನು ನೋಡಿ ನಾನೂ ವಾಲಿಸುತ್ತಿದ್ದೆ. ತಾಸುಗಟ್ಟಲೆ ಒಂದು ಮಾತಿಲ್ಲ, ಆದರೂ ಜೊತೆಗಿದ್ದೇವೆ. ಅಂಥ ಜೊತೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಹಂಪಿಯಿಂದ ವಾಪಸು ಬರುವಾಗ, ಸಿಂಧನೂರು ದಾಟಿ ಹಿರೇಕೊಟ್ನೆಕಲ್ ಹತ್ತಿರ, ಮುಂದಿದ್ದ ಅವನ ಎಡಗಾಲಿನ ಚಪ್ಪಲಿ ಕಳಚಿ ರಸ್ತೆ ಮೇಲೆ ಬಿತ್ತು. ನಾನು ಹಾರ್ನ್ ಹೊಡೆದೆ. ಅವನು ನಿಲ್ಲಲಿಲ್ಲ. ಗಾಡಿ ನಿಲ್ಲಿಸಿ, ಚಪ್ಪಲಿ ಎತ್ತಿಕೊಂಡು ಬೆನ್ನು ಹತ್ತಿದೆ. ಅವನು ಸಿಕ್ಕಿದ್ದು ಮಾನ್ವಿಯ ಪೆಟ್ರೋಲ್ ಬಂಕಿನಲ್ಲಿ.

"ಏನ್ ಭಾಯ್, ಊರೂರಿಗೆ ಚಪ್ಪಲಿ ಹಂಚ್ಕೋಂತ ಹೊಂಟೀಯೇನು?" ಅಂದೆ.

"ಯಾರ್ದಲೇ ಅದು?"

"ನಿಂದ ಅದ. ಕಾಲ್ ನೋಡ್ಕೊ."

ಅವನು ಬಗ್ಗಿ ನೋಡಿದ. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು. "ಅರೇ! ಗೊತ್ತ ಆಗ್ಲಿಲ್ಲ ನೋಡು" ಅಂದ. ಪೆಟ್ರೋಲ್ ಹಾಕುವವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಣ್ಣಾ, ನಾಳಿ ಪ್ಯಾಂಟ್ ಬಿದ್ರೂ ಗೊತ್ತಾಗಂಗಿಲ್ಲ ಬಿಡ್ರಿ ನಿಮಗ." ನಾವೂ ನಕ್ಕೆವು. ನಗುತ್ತಲೇ ನನ್ನ ಕಣ್ಣು ಅವನ ಗಾಡಿಯ ಗೇರಿನ ಮೇಲೆ ಬಿತ್ತು. ಅದರ ರಬ್ಬರಿಗೆ ರಕ್ತ ಮೆತ್ತಿತ್ತು. ಬರಿಗಾಲಲ್ಲಿ ಗೇರು ಎತ್ತಿ ಎತ್ತಿ ಹೆಬ್ಬೆರಳಿನ ಚರ್ಮ ಸುಲಿದು ಹೋಗಿತ್ತು.

"ಉರಿಯಾಕತ್ತಿಲ್ಲೇನು?"

"ಎಲ್ಲಿ?" ಅಂದ.

ಅವನಿಗೆ ಸಕ್ಕರೆ ಕಾಯಿಲೆ ಇರುವುದು ನನಗೆ ಗೊತ್ತಿತ್ತು. ಅದು ಕಾಲಿನ ಅರಿವನ್ನೇ ತಿಂದುಬಿಡುತ್ತದೆ ಎಂದು ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ.

ಗಾಯ ಮಾಯಲಿಲ್ಲ. ನೋಯದ ಗಾಯಕ್ಕೆ ಯಾರು ಹೆದರುತ್ತಾರೆ? ಅರಿಸಿನ ಹಚ್ಚಿ ಕಾಲುಚೀಲ ಏರಿಸಿಕೊಂಡು ಅಂಗಡಿಯಲ್ಲಿ ಕೂರುತ್ತಿದ್ದ. ಮುಂದಿನ ಸಲ ಗೋಕರ್ಣಕ್ಕೆ ಹೋಗಿ ಸಮುದ್ರ ನೋಡುವುದು ಎಂದು ನಾವು ಮಾತಾಡಿಕೊಂಡಿದ್ದೆವು. ಇಬ್ಬರೂ ಸಮುದ್ರ ಕಂಡವರಲ್ಲ. "ಮೊದ್ಲು ಗೋಕರ್ಣ, ಆಮ್ಯಾಗ ಡಾಕ್ಟರ್" ಅನ್ನುತ್ತಿದ್ದ. ಒಂದು ದಿನ ಜುಲುಮೆಯಿಂದ ಕಾಲುಚೀಲ ತೆಗೆಸಿದೆ. ಹೆಬ್ಬೆರಳು ಕಪ್ಪಾಗಿತ್ತು. ನಾನು ನೇರವಾಗಿ ಅವನ ಮನೆಗೆ ಹೋಗಿ ಅವನ ಹೆಂಡತಿಗೆ, ನಾನು ಭಾಬಿ ಅನ್ನುವವರಿಗೆ, ಹೇಳಿದೆ. ಅವರು ಅವತ್ತೇ ಅವನನ್ನು ರಾಯಚೂರಿಗೆ ಹೊರಡಿಸಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಸೂಜಿ ಹಿಡಿದು ಅಂಗಾಲಿಗೆ ಅಲ್ಲಲ್ಲಿ ಚುಚ್ಚುತ್ತಾ ಹೋದರು. ಅವನು ಛಾವಣಿ ನೋಡುತ್ತಾ ಮಲಗಿದ್ದ, ಒಮ್ಮೆಯೂ ಕಾಲು ಎಳೆದುಕೊಳ್ಳಲಿಲ್ಲ. ಕೊನೆಗೆ ಡಾಕ್ಟರು, ವಿಷ ಮೇಲಕ್ಕೆ ಏರುವ ಮೊದಲು ಎಡಗಾಲಿನ ಬೆರಳುಗಳನ್ನು ತೆಗೆಯಬೇಕು ಎಂದರು. ಭಾಬಿ ಬಾಗಿಲಿಗೆ ಒರಗಿ ನಿಂತರು.

ಅವನು ಕೇಳಿದ್ದು ಒಂದೇ ಮಾತು. "ಸಾಹೇಬ್ರ, ಗೇರ್ ಹಾಕಾಕ ಎಷ್ಟು ಬೆರಳ ಬೇಕಾಗ್ತಾವ್ರಿ?"

ಡಾಕ್ಟರು ಕಾರಿನಲ್ಲಿ ಓಡಾಡುವವರು. ನನ್ನ ಮುಖ ನೋಡಿದರು. ನಾನು ಕಿಟಕಿ ಕಡೆ ನೋಡಿದೆ.

ಬೆರಳು ತೆಗೆದ ಕಾಲು ಮಾಯಲು ಬಹಳ ತಿಂಗಳು ಹಿಡಿಯಿತು. ದೊಡ್ಡದೊಂದು ಮೆತ್ತನೆಯ ಬೂಟು ಕೊಟ್ಟರು. ನಡೆಯಲು ಬಂದ ಮೇಲೆ ಅವನು ಮೊದಲು ಕೇಳಿದ್ದು ಗಾಡಿಯ ಕೀ. ಭಾಬಿ ಎರಡು ದಿನ ಅವನ ಜೊತೆ ಮಾತು ಬಿಟ್ಟರು. ಕೊನೆಗೆ ನನ್ನನ್ನು ಕರೆದು, "ಅಣ್ಣಾರ, ಇವರು ಕದ್ದು ಹೊಡಿಯೋದಕ್ಕಿಂತ ನೀವು ಹಿಂದ ಕುಂದ್ರದು ಚಲೋರಿ" ಅಂದರು.

ಹಾಗೆ ಶುರುವಾಯಿತು. ಪ್ರತಿ ಭಾನುವಾರ ನಾನು ಮಾನ್ವಿಗೆ ಹೋಗಿ ಅವನ ಹಿಂದೆ ಕೂರುತ್ತಿದ್ದೆ. ಕಾಲು ಗೇರಿನ ಮೇಲಿದೆಯೋ ಇಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ. ಅಂದಾಜಿನ ಮೇಲೆ ಒತ್ತಿ ಕೇಳುತ್ತಿದ್ದ: "ಗೇರು ಬಿತ್ತೇನು ಮಾಸ್ತರ?"

"ಬಿತ್ತು."

"ಈಗ?"

"ಇಲ್ಲ. ಇನ್ನಷ್ಟು ಒತ್ತು. ಹಾಂ, ಬಿತ್ತು."

"ನೀ ಹತ್ತನೇ ಪಾಸಾಗಿದ್ದು ಇದಕ್ಕರ ಉಪಯೋಗಾತು ನೋಡು!"

ಓಣಿಯ ಜನ ನಿಂತು ನೋಡುತ್ತಿದ್ದರು. ಬರಬರುತ್ತಾ ಅವನು ಇಂಜಿನ್ನಿನ ಸದ್ದು ಕೇಳಿ ಹೇಳಲು ಕಲಿತ. ನಾನು ಬಾಯಿ ತೆರೆಯುವ ಮೊದಲೇ "ಬಿತ್ತು, ಬಿತ್ತು" ಅನ್ನುತ್ತಿದ್ದ. ಒಂದು ಭಾನುವಾರ ಊರು ದಾಟಿ ರಾಯಚೂರು ರಸ್ತೆಗೆ ಇಳಿದೆವು. ಗಾಡಿ ಕೊನೆಯ ಗೇರಿಗೆ ಬಂದು ಒಂದೇ ಸಮ ಓಡತೊಡಗಿತು. ಅವನ ಮುಖ ನನಗೆ ಕಾಣುತ್ತಿರಲಿಲ್ಲ, ಆದರೆ ಹೆಗಲು ಸಡಿಲಾಗಿದ್ದು ಕಂಡಿತು. ಗಾಳಿಯಲ್ಲಿ ಕೂಗಿದ: "ಎರಡು ಗಾಡಿ ಯಾಕ ಬೇಕಲೇ? ನೀ ಹಿಂದ ಕುಂತು ಹೇಳ್ಕೋಂತ ಬಾ, ಗೋಕರ್ಣ ಮುಟ್ಟಿಸ್ತೀನಿ!" ನಾನು ಹೂಂ ಅಂದೆ. ಸುಳ್ಳಿಗೆ ಅಂದಿದ್ದಲ್ಲ. ಆ ಹೊತ್ತು ನನಗೂ ನಂಬಿಕೆ ಬಂದಿತ್ತು.

ವಾಪಸು ಬಂದು ಮಾನ್ವಿ ಬಸ್ ಸ್ಟ್ಯಾಂಡ್ ಮುಂದೆ ಬರುವಾಗ ಒಂದು ಆಟೋ ಎದುರಿಗೇ ತಟ್ಟನೆ ನಿಂತಿತು. ಅವನು ಬ್ರೇಕು ಸರಿಯಾಗಿಯೇ ಹಿಡಿದ. ಗಾಡಿ ನಿಂತಿತು. ನಿಂತ ಗಾಡಿಗೆ ಆಧಾರವಾಗಿ ಎಡಗಾಲು ಊರಿದ. ನೆಲ ಮುಟ್ಟಿತೋ ಇಲ್ಲವೋ ತಿಳಿಯದೆ ಕಾಲು ಮಡಚಿಕೊಂಡಿತು. ಗಾಡಿ ನಿಧಾನವಾಗಿ, ಯಾರೋ ಮಲಗಿಸಿದಂತೆ, ನಮ್ಮಿಬ್ಬರನ್ನೂ ತೆಗೆದುಕೊಂಡು ಎಡಕ್ಕೆ ಮಲಗಿತು.

ಜನ ಓಡಿ ಬಂದು ನನ್ನನ್ನು ಎಬ್ಬಿಸಿದರು. ಅವನು ಕೂತಲ್ಲೇ ಅಂಗಿಯ ಧೂಳು ಝಾಡಿಸುತ್ತಾ ಆಟೋದವನಿಗೆ ಬೈಯುತ್ತಿದ್ದ. "ಇಂಡಿಕೇಟರ್ ಒಡೀತೇನು ನೋಡು ಮಾಸ್ತರ" ಅಂದ. ಇಂಡಿಕೇಟರಿಗೆ ಏನೂ ಆಗಿರಲಿಲ್ಲ. ಅವನ ಕಾಲು ಗಾಡಿಯ ಕೆಳಗಿತ್ತು. ಅವನಿಗೆ ಅದು ಗೊತ್ತೇ ಇರಲಿಲ್ಲ.

ಗಾಡಿ ಎತ್ತಿದರು. ಬೂಟು ಹರಿದಿತ್ತು. ಅವನು ಕಾಲಿನ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದ. ಆಮೇಲೆ ಕೀ ತೆಗೆದು ನನ್ನ ಕೈಗೆ ಕೊಟ್ಟ.

"ನಾ ಇದ ಆಟೋದಾಗ ಹೋಗ್ತೀನಿ. ನೀ ಗಾಡಿ ಮನಿಗೆ ತಗೊಂಡು ಬಾ."

ಅವನ ಗಾಡಿಯನ್ನು ನಾನು ಹೊಡೆದುಕೊಂಡು ಹೋದೆ. ಬಾಗಿಲಲ್ಲಿದ್ದ ಭಾಬಿ ಗಾಡಿ ನೋಡಿದರು, ಅದರ ಮೇಲೆ ನನ್ನೊಬ್ಬನನ್ನೇ ನೋಡಿದರು. ಹಿಂದೆಯೇ ಆಟೋ ಬಂತು. ಇಳಿದವನನ್ನು ಅವರು ಬೈಯಲಿಲ್ಲ. ಒಳಗೆ ಹೋಗಿ ನೀರು ತಂದುಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಆ ಗಾಯವೂ ಮಾಯಿತು. ಕಾಲು ಉಳಿಯಿತು. ಗಾಡಿಯನ್ನು ಅವನು ತಂಗಿಯ ಗಂಡನಿಗೆ ಕೊಟ್ಟುಬಿಟ್ಟ. ನನ್ನ ಹಿಂದೆ ಕೂತು ಬಾ ಎಂದರೆ, "ಮೂಟಿ ಆಗಿ ಬರಂಗಿಲ್ಲೋ ಮಾರಾಯ" ಅನ್ನುತ್ತಾನೆ. ಆದರೆ ಗೋಕರ್ಣಕ್ಕೆ ಹೋಗು ಹೋಗು ಎಂದು ನನಗೆ ಗಂಟು ಬಿದ್ದ. ಹೋದ ವರ್ಷ ಹೋಗಿ ಬಂದೆ. ಮುಂದೆ ವಾಲುವ ಗಾಡಿ ಇಲ್ಲದೆ ತಗ್ಗುಗಳೆಲ್ಲ ನನ್ನ ಪಾಲಿಗೇ ಬಂದವು. ಸಮುದ್ರ ದೊಡ್ಡದಿತ್ತು. ಎಷ್ಟು ನೋಡಿದರೂ ಪಕ್ಕದಲ್ಲಿ "ಅರೇ ಮಾಸ್ತರ" ಅನ್ನುವವರು ಇರಲಿಲ್ಲ.

ಬಂದ ಮೇಲೆ ಮಾನ್ವಿಗೆ ಹೋಗಿ ಎಲ್ಲ ಹೇಳಿದೆ. ಅವನು ಸಮುದ್ರದ ಬಗ್ಗೆ ಕೇಳಲೇ ಇಲ್ಲ. ರಸ್ತೆ ಕೇಳಿದ. ಎಲ್ಲಿ ಚಹಾ ಕುಡಿದೆ, ಘಟ್ಟ ಎಲ್ಲಿಂದ ಶುರು, ಮಂಜಿತ್ತೋ, ಲಾರಿಗಳು ದಾರಿ ಬಿಟ್ಟವೋ. ಕಣ್ಣು ಮುಚ್ಚಿಕೊಂಡು ಕೇಳಿದ. ತುಂಬಾ ಖುಷಿಯಾಗಿದ್ದಾನೆ ಅಂದುಕೊಂಡೆ.

ಮರುದಿನ ಭಾಬಿ ಫೋನ್ ಮಾಡಿದರು. "ಅಣ್ಣಾರ, ತಪ್ಪು ತಿಳ್ಕೋಬ್ಯಾಡ್ರಿ. ನಿನ್ನಿಯಿಂದ ಉಂಡಿಲ್ಲ ಇವರು. ಇನ್ನ ಮ್ಯಾಲ ಇವರ ಮುಂದ ರಸ್ತಾ ಮಾತು ತೆಗಿಬ್ಯಾಡ್ರಿ."

ಆಗಲಿ ಅಂದೆ. ಆದರೆ ಅವನು ವಾರಕ್ಕೊಮ್ಮೆ ತಾನೇ ಫೋನ್ ಮಾಡಿ, "ಮುಂದಿಂದು ಎಲ್ಲಿಗಿ? ಎಲ್ಲಾ ಬಂದು ಹೇಳ್ಬೇಕು ನೋಡು" ಅನ್ನುತ್ತಾನೆ. ಹೇಳಿದರೆ ಊಟ ಬಿಡುತ್ತಾನೆ. ಹೇಳದಿದ್ದರೆ, ಗಾಡಿಯ ಜೊತೆ ಗೆಳೆಯನೂ ಹೋದ ಅಂದುಕೊಳ್ಳುತ್ತಾನೆ. ಈ ವರ್ಷದ ಮಳೆಯೂ ಮುಗಿಯುತ್ತಾ ಬಂತು, ಮತ್ತೆ ಹೊರಡುವ ಹೊತ್ತು.

ನಿಮ್ಮಲ್ಲಿ ಯಾರಿಗಾದರೂ ಹೀಗೆ ಜೊತೆಗಾರ ಅರ್ಧ ದಾರಿಯಲ್ಲಿ ನಿಂತಿದ್ದರೆ ಬರೆಯಿರಿ. ನೀವು ಒಬ್ಬರೇ ಹೋದಿರೋ, ಹೋಗುವುದನ್ನೇ ಬಿಟ್ಟಿರೋ? ಹೋಗಿ ಬಂದು ಅವರ ಮುಂದೆ ಏನು ಹೇಳಿದಿರಿ? ನಾನು ನಿಧಾನವಾಗಿ ಓದುವವನು, ಆದರೆ ಒಂದನ್ನೂ ಬಿಡದೆ ಓದುತ್ತೇನೆ.