ಬಿಸಿಲು ಕಾಣದ ಹಜಾರದ ಗಂಧದ ಹಾರ

ಅಡಿಲೇಡಿನ ಬೆಟ್ಟದ ಬುಡದಲ್ಲಿರುವ ಪೆಲ್‌ಹರ್ಸ್ಟ್ ಹಾಲ್‌ನಷ್ಟು ತಣ್ಣನೆಯ ಮನೆ ಇಲ್ಲಿಂದ ದಕ್ಷಿಣ ಧ್ರುವದವರೆಗೆ ಹುಡುಕಿದರೂ ಸಿಗದು. ಜನವರಿಯ ಉರಿಯಲ್ಲಿ ಹೊರಗೆ ಕಾಗೆಗಳು ಬಾಯಿ ಬಿಡುತ್ತಿದ್ದರೆ, ಹಜಾರದ ಗೋಡೆಯ ಮೇಲಿನ ಹಿರಿಯರು ಚಿತ್ರದೊಳಗೇ ಕೋಟಿನ ಮೇಲ್ಗುಂಡಿ ಹಾಕಿಕೊಳ್ಳುತ್ತಾರೆ. ಹಾಗೆಂದು ಅಲ್ಲಿನ ಗೈಡ್ ಹಾಲಪ್ಪನೇ ಹೇಳಿದ್ದು. ಆದ್ದರಿಂದ ಅರ್ಧ ನಂಬಿದರೆ ಸಾಕು.

ತಣ್ಣಗಿರುವುದಕ್ಕೆ ಕಾರಣ ಮಾತ್ರ ನಿಜ. ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಪೆಲ್‌ಹರ್ಸ್ಟ್ ಮನೆತನದ ಆಸ್ತಿಯೆಲ್ಲ ಅವರ ಪದ್ಧತಿಯಂತೆ ಹಿರಿಮಗನಿಗೆ ಹೋಯಿತು. ಕಿರಿಮಗ, ಅಪ್ಪನ ಮನೆಯ ನಕ್ಷೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹಡಗು ಹತ್ತಿ ಬಂದು, ಇಲ್ಲಿ ಅದೇ ಮನೆ ಕಟ್ಟಿಸಹೊರಟ. ಇಂಗ್ಲೆಂಡಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಹಜಾರದ ಕಿಟಕಿಗಳೂ ದಕ್ಷಿಣಕ್ಕಿದ್ದವು. ಇಲ್ಲಿ ಸೂರ್ಯ ಓಡಾಡುವುದು ಉತ್ತರದಲ್ಲಿ. ಮೇಸ್ತ್ರಿ ಅದನ್ನು ಹೇಳಿದ್ದಕ್ಕೆ ಕಿರಿಮಗ, “ನಮ್ಮ ಹಜಾರ ದಕ್ಷಿಣಕ್ಕೇ ಇರುತ್ತೆ. ಸೂರ್ಯ ಬೇಕಾದರೆ ತಿದ್ದಿಕೊಳ್ಳಲಿ” ಎಂದನಂತೆ. ಸೂರ್ಯ ತಿದ್ದಿಕೊಳ್ಳಲಿಲ್ಲ. ಮುಂದೆ ಇಂಗ್ಲೆಂಡಿನ ಅಸಲು ಮನೆ ತೆರಿಗೆ ಕಟ್ಟಲಾಗದೆ ನೆಲಸಮವಾಯಿತು. ನಡುಗುವ ನಕಲು ಉಳಿಯಿತು.

ಈ ಹಟವನ್ನು ಕಂಡು ಹಾಲಪ್ಪ ನಗುತ್ತಿರಲಿಲ್ಲ. ಅಡಿಲೇಡಿನ ಬ್ಲೇರ್ ಅಥಾಲ್ ಬಡಾವಣೆಯಲ್ಲಿ ತಾನು ಮನೆ ಕಟ್ಟಿಸುವಾಗ ಮೈಸೂರಿನ ವಾಸ್ತುವಿನಂತೆ ಆಗ್ನೇಯದಲ್ಲೇ ಅಡುಗೆಮನೆ ಇಡಿಸಿದ್ದ. ಅದು ಮನೆಯ ಅತ್ಯಂತ ಚಳಿಯ ಮೂಲೆ. ಹೆಂಡತಿ ಸುಭದ್ರಾ ಸ್ವೆಟರ್ ಹಾಕಿಕೊಂಡೇ ದೋಸೆ ಹುಯ್ಯುತ್ತಿದ್ದಳು.

“ಹಿಟ್ಟು ಉಬ್ಬೋಕೆ ಮೂರು ದಿನ ಬೇಕು. ನಿಮ್ಮ ಮಾತು ಮಾತ್ರ ನಿಂತಲ್ಲೇ ಉಬ್ಬುತ್ತೆ ಕಣ್ರೀ.”

ಆ ಮಾತಿಗೆ ಕಿವಿಗಳು ಬೇಕಿದ್ದವು. ಕೆಲಸ ಮಾಡುತ್ತಿದ್ದ ಕಿಲ್ಬರ್ನಿನ ಕಾರ್ಖಾನೆ ಮುಚ್ಚಿ ಹಾಲಪ್ಪ ನಿವೃತ್ತನಾದ ಮೇಲೆ, ಮೊಮ್ಮಗಳು ಅದಿತಿಯೂ “ಯಾ ತಾತಾ, ಲೇಟರ್” ಎಂದು ಜಾರಿಕೊಳ್ಳುತ್ತಿದ್ದಳು. ಹಾಗಾಗಿ ಈಗ ಟ್ರಸ್ಟಿನ ಕೈಯಲ್ಲಿರುವ ಪೆಲ್‌ಹರ್ಸ್ಟ್ ಹಾಲ್‌ನಲ್ಲಿ ಹಾಲಪ್ಪ ಭಾನುವಾರದ ಗೈಡ್ ಆದ. ವಾರವಿಡೀ ಬಾಡಿರುತ್ತಿದ್ದ ಮನುಷ್ಯ ಎದೆಗೆ ಬ್ಯಾಡ್ಜ್ ಚುಚ್ಚಿಕೊಂಡರೆ ಅರಳುತ್ತಿದ್ದ. ಆದರೆ ಮನೆ ಕಟ್ಟಿಸಿದವನ ಮೀಸೆಯ ಮೇಲೆ ಎರಡು ಗಿಳಿ ಕೂರುತ್ತಿದ್ದವು ಎಂದು ಹೇಳಿದ ದಿನ ದೂರು ಹೋಯಿತು. ಮ್ಯಾನೇಜರ್ ಮಿಸೆಸ್ ಪ್ರೈಸ್, “ಇನ್ನೊಂದು ದೂರು ಬಂದರೆ ಬ್ಯಾಡ್ಜ್ ವಾಪಸ್, ಹಾಲಪ್ಪ” ಎಂದು ಎಚ್ಚರಿಸಿದಳು.

ಹಜಾರದ ಹಿರಿಯರ ಚಿತ್ರಗಳ ಸಾಲಿನ ಕೊನೆಯಲ್ಲಿ, ಕತ್ತಲ ಮೂಲೆಯಲ್ಲಿ, ಒಬ್ಬ ಹುಡುಗಿಯ ಸಣ್ಣ ಚಿತ್ರವಿತ್ತು: ಜಾರ್ಜಿಯಾನಾ, ಮನೆತನದ ಕೊನೆಯ ಮಗಳು. ಹುಟ್ಟಿದ ವರ್ಷ ಬರೆದಿತ್ತು. ಮದುವೆ, ಮಕ್ಕಳು, ಮುಂದಿನ ಬದುಕು ಒಂದೂ ಇಲ್ಲ. ಪಾಪ, ಚಿಕ್ಕ ವಯಸ್ಸಿನಲ್ಲೇ ಹೋಗಿದೆ ಕೂಸು ಎಂದುಕೊಂಡ ಹಾಲಪ್ಪ. ಎರಡು ಸಾವಿರದ ಹದಿನಾಲ್ಕರ ಮಹಾಲಯ ಅಮಾವಾಸ್ಯೆ ಬಂತು. ತನ್ನ ಹಿರಿಯರಿಗೆ ಎಡೆ ಇಟ್ಟವನಿಗೆ ಆ ಮುಖ ನೆನಪಾಯಿತು. ರಾಜ್ಯೋತ್ಸವದಲ್ಲಿ ತನಗೇ ಸನ್ಮಾನ ಮಾಡಿ ಹಾಕಿದ್ದ ಗಂಧದ ಹಾರವನ್ನು ಒಯ್ದು ಚಿತ್ರಕ್ಕೆ ತೊಡಿಸಿ ಬಂದ.

ಮುಂದಿನ ಭಾನುವಾರ ಬ್ರಿಸ್ಬೇನಿನಿಂದ ಒಬ್ಬ ಮುದುಕಿ ಬಂದಳು. ಕೋಲೂರಿಕೊಂಡು ನೇರವಾಗಿ ಆ ಮೂಲೆಗೇ ಹೋದಳು. ಹಿಂದೆಯೇ ಓಡಿಬಂದ ಮಿಸೆಸ್ ಪ್ರೈಸ್, “ಇವರೇ ಜಾರ್ಜಿಯಾನಾ ಪೆಲ್‌ಹರ್ಸ್ಟ್” ಎಂದಾಗ ಹಾಲಪ್ಪನ ಬಾಯಿ ಹಜಾರಕ್ಕಿಂತ ತಣ್ಣಗಾಯಿತು.

“ಈ ಹಾರದ ಅರ್ಥವೇನು?” ಎಂದಳು ಮುದುಕಿ.

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಸನ್ಮಾನ ಮೇಡಮ್ ಎಂದರೆ ಮುಗಿಯುತ್ತಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ. ಬ್ಯಾಡ್ಜೂ ಉಳಿಯುತ್ತಿತ್ತು. ಆದರೆ ಆಕೆ ತನ್ನ ಹಳೆಯ ಮುಖವನ್ನೇ ನೋಡುತ್ತ ನಿಂತಿದ್ದಳು. ಗಿಳಿಗಳನ್ನು ಮೀಸೆಯ ಮೇಲೆ ಕೂರಿಸಿದ ನಾಲಿಗೆ ಯಾಕೋ ಅಲ್ಲಿ ಏಳಲಿಲ್ಲ.

“ತೀರಿಹೋದವರ ಫೋಟೋಗೆ ಹಾಕ್ತೀವಿ ಮೇಡಮ್. ನೀವು... ನೀವು ಇಲ್ಲ ಅಂದ್ಕೊಂಡಿದ್ದೆ.”

ಮಿಸೆಸ್ ಪ್ರೈಸ್ ಕಣ್ಣು ಮುಚ್ಚಿಕೊಂಡಳು.

“ನಮ್ಮಪ್ಪನೂ ಹಾಗೇ ಅಂದುಕೊಂಡುಬಿಟ್ಟ,” ಎಂದಳು ಮುದುಕಿ. “ಹಾರ ಮಾತ್ರ ಹಾಕಲಿಲ್ಲ.”

ಆಮೇಲೆ ಆಕೆಯೇ ಹೇಳಿದಳು. ಇಡೀ ಮನೆಯಲ್ಲಿ ಬಿಸಿಲು ಬೀಳುತ್ತಿದ್ದುದು ಉತ್ತರದ ಹಿತ್ತಲಿಗೆ, ಆಳುಗಳ ಕಡೆಗೆ. ಚಳಿ ಕಾಯಿಸಿಕೊಳ್ಳಲು ಅಲ್ಲಿಗೆ ಹೋಗುತ್ತಿದ್ದಳು. ಇಟಲಿಯಿಂದ ಬಂದ ತೋಟಗಾರ ಅಲ್ಲಿ ಹುರುಳಿಕಾಯಿ ಬಳ್ಳಿಗೆ ಕಡ್ಡಿ ನೆಡುತ್ತಿದ್ದ. ಇಬ್ಬರೂ ಬ್ರಿಸ್ಬೇನಿಗೆ ಓಡಿಹೋದ ದಿನದಿಂದ ಈ ಮನೆಯಲ್ಲಿ ಯಾರೂ ಅವಳ ಹೆಸರೆತ್ತಲಿಲ್ಲ.

“ಮುತ್ತಜ್ಜ ಕಿಟಕಿ ಸರಿಯಾಗಿ ಇಟ್ಟಿದ್ದರೆ ನಾನು ಇಲ್ಲೇ ಇರುತ್ತಿದ್ದೆ” ಎಂದು ನಕ್ಕು, “ಬದುಕಿರುವವರಿಗೆ ಹಾರ ಹಾಕುವುದಿಲ್ಲವೇ ನೀವು?” ಎಂದು ಕತ್ತು ಬಾಗಿಸಿದಳು.

ಹಾಲಪ್ಪ ಚಿತ್ರದ ಹಾರ ತೆಗೆದವನು ಅದನ್ನು ಬೆನ್ನ ಹಿಂದೆ ಅಡಗಿಸಿದ. “ಇದು ಬೇಡ, ಇದು ಬೇಡ” ಎನ್ನುತ್ತ ಹಿತ್ತಲಿಗೆ ಓಡಿದ. ಯಾರೂ ಮುಟ್ಟಬಾರದೆಂದು ಫಲಕ ಹಾಕಿದ್ದ ಗಿಡದಿಂದ ಬಿಸಿಲಿಗೆ ಬೆಚ್ಚಗಾಗಿದ್ದ ಗುಲಾಬಿ ಕಿತ್ತು ತಂದು ಅವಳ ಕೈಗಿಟ್ಟ. ಮಿಸೆಸ್ ಪ್ರೈಸ್ ಗುಲಾಬಿಯನ್ನು ನೋಡಿದಳು, ಬ್ಯಾಡ್ಜನ್ನೂ ನೋಡಿದಳು. ಕೊನೆಗೆ, “ಮುಂದಿನ ವಾರದಿಂದ ಈ ಕಥೆಯನ್ನೂ ಹೇಳು. ಇದ್ದದ್ದು ಇದ್ದ ಹಾಗೆ” ಎಂದಳು.

ಸಂಜೆ ಸುಭದ್ರಾ ಎಲ್ಲ ಕೇಳಿ, ಅವನ ಎದೆಯ ಬ್ಯಾಡ್ಜ್ ಮುಟ್ಟಿ ನೋಡಿದಳು.

“ಏನು ಸುಳ್ಳು ಹೇಳಿ ಉಳಿಸ್ಕೊಂಡ್ರಿ?”

“ನಿಜ ಹೇಳ್ಬಿಟ್ಟೆ ಕಣೆ.”

“ಗಿಳಿ ಬೇಕಾದ್ರೆ ನಂಬ್ತೀನಿ,” ಎಂದು ಅವಳು ಸ್ವೆಟರ್ ಹಾಕಿಕೊಂಡು ಅಡುಗೆಮನೆಗೆ ಹೋದಳು.