ಮೂತ್ರಪಿಂಡಕ್ಕೆ ದರ ಕಟ್ಟುವ ಸುಧೀರರಾಯರು

ಜೋರಾಪುರ ಪೇಟೆಯ ಚಹಾದಂಗಡಿಯಲ್ಲಿ ಸುಧೀರರಾಯರು ಕುಳಿತರೆಂದರೆ ಅಲ್ಲಿದ್ದವರ ಅಂಗಾಂಗಗಳಿಗೆಲ್ಲ ಬೆಲೆ ನಿಗದಿಯಾಯಿತೆಂದೇ ತಿಳಿಯಬೇಕು. ಪತ್ನಿ ಅನುಜಾ ಅವರ ಮೂತ್ರಪಿಂಡಗಳು ೨೦೨೩ರ ಆಗಸ್ಟ್ ೧೪ರಂದು ಕೈಕೊಟ್ಟವು. ರಾಯರು ತಮ್ಮದೊಂದನ್ನು ಕೊಡಹೋದರೆ, ಸಕ್ಕರೆ ಕಾಯಿಲೆಯವರದು ಒಲ್ಲೆವೆಂದು ವೈದ್ಯರು ಹೇಳಿದರು. ಅಂದಿನಿಂದ, ಅಂಗಾಂಗ ಮಾರಾಟವನ್ನು ನಿಷೇಧಿಸಿದ ೧೯೯೪ರ ಕಾಯಿದೆಯನ್ನು ಅವರು ಪ್ರತಿದಿನ ಚಹಾದೊಂದಿಗೆ ತಿದ್ದುಪಡಿ ಮಾಡುತ್ತಾರೆ. “ದಾನ, ದಾನ ಅಂದ್ರ ಯಾರ್ ಕೊಡ್ತಾರ್ರಿ? ಕಿಡ್ನಿ ಕೊಟ್ಟಾಂವಗ ಸರಕಾರ ಐದು ಲಕ್ಷ ಕೊಡ್ಲಿ, ಮನಿ ತೆರಿಗಿ ಮಾಫ್ ಮಾಡ್ಲಿ!” “ಹಂಗಾದ್ರ ನಂದೂ ಬರಕೋರಿ ರಾಯರ, ಜೋಡಿ ತಗೊಂಡ್ರ ರಿಯಾಯ್ತಿ ಐತಿ,” ಎಂದು ಅಂಗಡಿಯ ಮಿಲಿಂದ ಕೆಣಕಿದರೆ, “ಗುಟ್ಕಾ ತಿಂದ ಮಾಲಿಗೆ ಅರ್ಧಾ ರೇಟು ಲೇ!” ಎನ್ನುತ್ತಾರೆ. ಪ್ರತಿ ರವಿವಾರ, ಅನುಜಾ ಅವರ ತಮ್ಮ ಚಂದ್ರಕಾಂತನಲ್ಲಿ ಒಂದು ಮೂತ್ರಪಿಂಡ ಕೇಳಲೆಂದೇ ಸಾರವಾಡದ ಬಸ್ಸು ಹತ್ತುತ್ತಾರೆ. ಅಲ್ಲಿ ರೊಟ್ಟಿ ಉಂಡು, ಅವನ ಟ್ರ್ಯಾಕ್ಟರಿನ ಯೋಗಕ್ಷೇಮವನ್ನೆಲ್ಲ ವಿಚಾರಿಸಿ, ಚೀಲದ ತುಂಬ ಬದನೆಕಾಯಿ ಹೊತ್ತು ಮರಳುತ್ತಾರೆ. “ಇವತ್ತರೆ ಕೇಳಿದ್ರೇನ್ರಿ?” ಎಂದು ಅನುಜಾ ಬಾಗಿಲಲ್ಲೇ ವಿಚಾರಿಸಿದಾಗ, ಇಡೀ ಪೇಟೆಗೆ ಕೇಳಿಸುವ ರಾಯರ ದನಿ ಸಣ್ಣದಾಗುತ್ತದೆ. “ರೊಕ್ಕಾ ಕೊಡೂದಿದ್ರ ಕೇಳಾಕ ಬಾಯಿ ಬರ್ತಿತ್ತು. ಪುಕ್ಕಟೆ ಹ್ಯಾಂಗ ಕೇಳ್ಲಿ ನಾ?”