ಸೂರ್ಯನಿಗೆ ಬೈದ ಕಮಲಾವತಿಯಮ್ಮ

ಮೂಡುಬಿದಿರೆಯ ನಮ್ಮ ಬೀದಿಯಲ್ಲಿ ದಿನಾ ಸಂಜೆ ಗೇಟಿನ ಬಳಿ ನಿಂತು ಸೂರ್ಯನಿಗೆ ಬೈಯುತ್ತಿದ್ದವರು ಒಬ್ಬರೇ, ಪಕ್ಕದ ಮನೆಯ ಕಮಲಾವತಿಯಮ್ಮ. "ಸ್ವಲ್ಪ ತಡಿ ಮಾರಾಯ, ಹುಡುಗಿ ಇನ್ನೂ ಬರಲಿಲ್ಲ!"

ಕಮಲಾವತಿಯಮ್ಮ ಜೈನರು, ಎಪ್ಪತ್ತರ ಆಚೆಯವರು. ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗಿಡದ ವ್ರತ, ಮದುವೆಯಾಗಿ ಬಂದಂದಿನಿಂದ. ಹುಡುಗಿ ಎಂದರೆ ಚಾರ್ಮಾಡಿಯ ಶುಭಶ್ರೀ, ಡಿಗ್ರಿ ಓದುವವಳು. ಗೆಳತಿಯ ಪೀಜಿಯಲ್ಲಿ ಕದ್ದು ಮಲಗುತ್ತಿದ್ದವಳನ್ನು ಪೀಜಿಯವರು ಹಿಡಿದು ಹೊರಗೆ ಹಾಕಿದ್ದರು. ಚೀಲ ಹೊತ್ತು ಕೋಣೆ ಕೇಳಲು ಬಂದವಳಿಗೆ ಕಮಲಾವತಿಯಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ರಾತ್ರಿ ಊಟಕ್ಕೆ ಏನು ಮಾಡ್ತಿ?"

ದುಡ್ಡಿಲ್ಲದೆ ರಾತ್ರಿ ಊಟ ಅವಳಿಗೆ ಇರಲೇ ಇಲ್ಲ. ಅದನ್ನು ಹೇಳಲು ನಾಚಿಕೆ. "ಹೊತ್ತು ಮುಳುಗಿದ ಮೇಲೆ ನಾನು ಉಣ್ಣುವುದಿಲ್ಲಮ್ಮ" ಎಂದುಬಿಟ್ಟಳು.

ಅಷ್ಟೇ! ಸ್ವಂತ ಮೊಮ್ಮಕ್ಕಳು ರಾತ್ರಿ ಫ್ರೈಡ್ ರೈಸ್ ತರಿಸುವ ಕಾಲದಲ್ಲಿ ಇಂಥ ಹುಡುಗಿ! ಕಮಲಾವತಿಯಮ್ಮ ಕುಣಿಯುವುದೊಂದು ಬಾಕಿ. ವ್ರತದವಳ ಹತ್ತಿರ ಬಾಡಿಗೆ ಕೇಳುವುದುಂಟೇ ಎಂದು ಕೋಣೆಯನ್ನು ಪುಕ್ಕಟೆ ಕೊಟ್ಟರು. ದಿನಾ ಸಂಜೆ ನೀರುದೋಸೆ, ಹೆಸರುಕಾಳಿನ ಗಸಿ, ಬಾಳೆಕಾಯಿ ಪಲ್ಯ. ಸೂರ್ಯ ಒಂದು ಕಡೆಯಿಂದ ಇಳಿಯುವುದು, ಶುಭಶ್ರೀ ಇನ್ನೊಂದು ಕಡೆಯಿಂದ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುವುದು. ಅದನ್ನು ನೋಡಲೆಂದೇ ನಾನು ಜಗಲಿಯಲ್ಲಿ ಕೂರುತ್ತಿದ್ದೆ. ಹುಡುಗಿಯ ಕೆನ್ನೆ ತುಂಬಿಕೊಂಡಿತು, ನನಗೂ ಖುಷಿಯಾಯಿತು.

ಅಷ್ಟರಲ್ಲಿ ಕಾಲೇಜಿನವರು ಪ್ರಾಕ್ಟಿಕಲ್ ಕ್ಲಾಸನ್ನು ಕತ್ತಲಾಗುವವರೆಗೂ ಎಳೆಯತೊಡಗಿದರು. ಸುಮ್ಮನಿರುವ ಜೀವವೇ ಇದು? ಕಮಲಾವತಿಯಮ್ಮ ರೇಷ್ಮೆ ಸೀರೆ ಉಟ್ಟು, ರಿಕ್ಷಾ ಹತ್ತಿ, ನೇರ ಲ್ಯಾಬಿಗೇ ನುಗ್ಗಿದರು.

"ಮಾಸ್ಟ್ರೇ, ನಮ್ಮ ಶುಭಶ್ರೀಗೆ ವ್ರತ ಉಂಟು. ಹೊತ್ತು ಮುಳುಗುವ ಮೊದಲು ಬಿಡಬೇಕು."

ಲೆಕ್ಚರರ್ ಅಂಕಿತ್ ಕಣ್ಣುಕಣ್ಣು ಬಿಟ್ಟರು. "ಇವಳಿಗಾ? ಕಾಲೇಜ್ ಡೇ ರಾತ್ರಿ ಊಟಕ್ಕೆ ಮೂರು ಸಲ ಬಡಿಸಿಕೊಂಡಿದ್ದಾಳಮ್ಮ!"

ಲ್ಯಾಬಿಗೆ ಲ್ಯಾಬೇ ನಕ್ಕಿತು. ಶುಭಶ್ರೀಯ ಜೀವ ಮಾತ್ರ ಬಾಯಿಗೆ ಬಂತು. ಕೋಣೆ ಹೋಯಿತು, ಊಟ ಹೋಯಿತು, ಇನ್ನು ಓದು ಬಿಟ್ಟು ಊರಿಗೆ ಹೋಗುವುದೇ.

ರಿಕ್ಷಾ ಮನೆ ಮುಟ್ಟುವಾಗ ಹೊತ್ತು ಮುಳುಗಿತ್ತು. ಕಾಂಪೌಂಡಿನ ಈಚೆ ನಾನು ಕಿವಿ ನಿಮಿರಿಸಿ ನಿಂತೆ. ನನಗೇನೂ ನಾಚಿಕೆಯಿಲ್ಲ.

"ಸುಳ್ಳು ಯಾಕೆ ಹೇಳಿದ್ದು?" ಕಮಲಾವತಿಯಮ್ಮನ ಸ್ವರ.

"ಊಟಕ್ಕೆ ಇಲ್ಲ ಅಂತ ಹೇಳ್ಲಿಕ್ಕೆ ಆಗ್ಲಿಲ್ಲಮ್ಮ. ವ್ರತ ಅಂದ್ರೆ ಮರ್ಯಾದೆ ಉಂಟಲ್ಲ." ಹುಡುಗಿ ಅಳುತ್ತಿದ್ದಳು. "ನನ್ನ ಚೀಲ ತೆಗೊಂಡು ಹೋಗ್ತೇನೆ."

"ಎಲ್ಲಿಗೆ ಹೋಗುವುದು? ಒಳಗೆ ನಡಿ. ನಾಳೆಯಿಂದ ನಿನ್ನ ಪಾಲು ಮುಚ್ಚಿ ಇಡ್ತೇನೆ, ಕ್ಲಾಸ್ ಮುಗಿಸಿ ಬಂದು ಉಣ್ಣು." ಆಮೇಲೆ ಕಮಲಾವತಿಯಮ್ಮ ದನಿ ತಗ್ಗಿಸಿದರು. "ಆದ್ರೆ ಕೋಣೆ ಬಾಗಿಲು ಹಾಕಿಕೊಂಡು ಉಣ್ಣಬೇಕು, ಆಯ್ತಾ? ಐವತ್ತು ವರ್ಷದಿಂದ ರಾತ್ರಿ ನನಗೂ ಹಸಿವಾಗ್ತದೆ ಮಾರಾಯ್ತಿ!"